ತರಗು ಬೆಂಕಿ, ವಾರ್ಷಿಕ ಪರೀಕ್ಷೆ ಮತ್ತು ಪೋಡಿನ ಮಕ್ಕಳು

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗಲಾಟೆ ಶುರುವಾಗುತ್ತದೆ. ಕೋಲಾಟ, ಕಂಸಾಳೆ, ಸಿನಿಮಾ ಹಾಡಿನ ಕುಣಿತಗಳ ನಡುವೆ 'ಆದಿವಾಸಿ ನೃತ್ಯ' ಎಂಬ ಐಟಂ ಒಂದು ಇದ್ದೇ ಇರುತ್ತದೆ. ಗೋಣಿತಾಟನ್ನು ಎಳೆ ಎಳೆಯಾಗಿ ಬಿಡಿಸಿ ಮಾಡಿದ ಲಂಗ, ಸೊಂಟಕ್ಕೆ ಮಾವಿನೆಲೆ, ಮುಖಕ್ಕೆ ಕಾಡಿಗೆ, ರಟ್ಟಿನ ಪಟ್ಟಿಗೆ ಸಿಕ್ಕಿಸಿದ ಕೋಳಿಪುಕ್ಕದ ಕಿರೀಟ, ಕೈಯಲ್ಲಿ ಬೆಳ್ಳಿ ಕಾಗದ ಸುತ್ತಿದ ಭರ್ಜಿ; ಧ್ವನಿವರ್ಧಕದಲ್ಲಿ ಅರ್ಥವಿಲ್ಲದ ಕೂಗಾಟ. ಚಾಮರಾಜನಗರದ ಸೋಲಿಗರಾಗಲಿ, ಹೆಗ್ಗಡದೇವನಕೋಟೆಯ ಜೇನು ಕುರುಬರಾಗಲಿ ತಲೆಗೆ ಪುಕ್ಕ ಕಟ್ಟಿದವರಲ್ಲ. ಆ ಕಿರೀಟ ಹಾಲಿವುಡ್ಡಿನಿಂದ ಹೊರಟು, ಮದರಾಸಿನ ಸ್ಟುಡಿಯೊಗಳನ್ನು ಹಾದು, ನಮ್ಮ ಶಾಲೆಯ ವೇದಿಕೆಗೆ ಬಂದಿಳಿದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರೊಬ್ಬರು ಅಂಗಿ, ಲುಂಗಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಈ ಸಭೆಯ ಹಿಂದಿನ ಸಾಲಿನಲ್ಲಿ ಬಂದು ಕೂತರೆ, ವೇದಿಕೆಯ ಮೇಲಿರುವುದು ತಮ್ಮ ಜನ ಎಂದು ಅವರಿಗೆ ಯಾರಾದರೂ ಹೇಳಿಯೇ ತಿಳಿಯಬೇಕು. ಹಾಗೆಂದು ಇದನ್ನು ಮಾಡಿಸುವ ಶಿಕ್ಷಕಿಯರ ಉದ್ದೇಶವೇನೂ ಕೆಟ್ಟದ್ದಲ್ಲ. ಕಾಡಿನ ಜನರ ಬದುಕು ಮಕ್ಕಳಿಗೆ ಪರಿಚಯವಾಗಲಿ, ಪ್ರಕೃತಿಯೊಂದಿಗೆ ಹೊಂದಿಕೊಂಡು ಬಾಳುವ ಗುಣ ಅವರಿಗೂ ಬರಲಿ ಎಂದೇ ನಿರೂಪಕಿ ಮೈಕಿನಲ್ಲಿ ಹೇಳುತ್ತಾಳೆ.

ಇಂಥದೇ ಒಳ್ಳೆಯ ಉದ್ದೇಶದಿಂದ ಹುಟ್ಟಿದವು ಬುಡಕಟ್ಟಿನ ಮಕ್ಕಳ ವಸತಿ ಶಾಲೆಗಳಾದ ಆಶ್ರಮ ಶಾಲೆಗಳೂ. 80ರ ದಶಕದಲ್ಲಿ ಆ ಬೆಟ್ಟಗುಡ್ಡಗಳ ಕಡೆ ಓಡಾಡಿದ ನಮ್ಮ ಪೀಳಿಗೆಯವರ ನೆನಪಿನಲ್ಲಿ ಅಂಥದೊಂದು ಶಾಲೆ ಇದ್ದೇ ಇರುತ್ತದೆ. ಹೆಂಚು ಹೊದಿಸಿದ ಉದ್ದನೆಯ ಕಟ್ಟಡ. ಹಗಲು ಪಾಠದ ಕೋಣೆಯೇ ರಾತ್ರಿ ಮಲಗುವ ಕೋಣೆ. ಗೋಡೆಯ ಬದಿಗೆ ಸುತ್ತಿಟ್ಟ ಜಮಖಾನಗಳು, ತಗಡಿನ ಟ್ರಂಕುಗಳು, ಸುಣ್ಣದ ಮೇಲೆ ಎಣ್ಣೆತಲೆಗಳ ಗುರುತು. ಗಂಟೆಗೆ ಏಳಬೇಕು, ಗಂಟೆಗೆ ಪ್ರಾರ್ಥನೆ, ಗಂಟೆಗೆ ಉಪ್ಪಿಟ್ಟು, ಗಂಟೆಗೆ ಮಗ್ಗಿ. ಮೇಷ್ಟ್ರು ಬಯಲುನಾಡಿನವರು; ಒಳ್ಳೆಯವರೂ ಇದ್ದರು, ವರ್ಗಾವಣೆ ಮಾಡಿಸಿಕೊಳ್ಳಲು ವಾರಕ್ಕೆರಡು ಸಲ ಬೆಟ್ಟ ಇಳಿಯುವವರೂ ಇದ್ದರು. ದಾಖಲಾತಿ ಪುಸ್ತಕದಲ್ಲಿ ಮಾದ ಮಹದೇವನಾಗುತ್ತಿದ್ದ, ಕೇತ ಕೇಶವನಾಗುತ್ತಿದ್ದ. ಸೋಲಿಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಅಷ್ಟು ಹತ್ತಿರದ್ದಾದದ್ದರಿಂದಲೇ ಅದನ್ನು 'ಕೆಟ್ಟ ಕನ್ನಡ' ಎಂದು ತಿದ್ದುವುದು ಮೇಷ್ಟ್ರುಗಳಿಗೆ ಸುಲಭವಾಗಿತ್ತು. ಮಕ್ಕಳು ಓಡಿಹೋಗುತ್ತಿದ್ದರು. ಎರಡು ಮೂರು ಗುಡ್ಡ ದಾಟಿ ತಮ್ಮ ಪೋಡು, ಅಂದರೆ ಸೋಲಿಗರ ಹಾಡಿ, ಸೇರಿಕೊಳ್ಳುತ್ತಿದ್ದರು, ಮೇಷ್ಟ್ರೋ ಅಡುಗೆಯವರೋ ಹೋಗಿ ಕರೆತರುತ್ತಿದ್ದರು. 'ಈ ಜನಕ್ಕೆ ಓದಿನ ಮೇಲೆ ಆಸೆಯೇ ಇಲ್ಲ' ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು.

ಆ ದಿನಗಳ ಹಾಜರಿ ಪುಸ್ತಕವನ್ನು ಇವತ್ತು ಬೇರೆ ರೀತಿಯಲ್ಲಿ ಓದಬೇಕೆನಿಸುತ್ತದೆ. ಮಕ್ಕಳು ಕಾಣೆಯಾಗುತ್ತಿದ್ದದ್ದು ವರ್ಷವಿಡೀ ಒಂದೇ ಸಮನಾಗಿ ಅಲ್ಲ. ರಾಗಿ ತೆನೆಗಟ್ಟಿ, ಹಂದಿ ಆನೆಗಳನ್ನು ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ಕಾಲದಲ್ಲಿ ಕೆಲವರು ಇಲ್ಲ. ನೆಲ್ಲಿಕಾಯಿ ಬಲಿತಾಗ ಕೆಲವರಿಲ್ಲ. ಸೀಗೆ, ಅಂಟುವಾಳ ಆಯುವ ದಿನಗಳಲ್ಲಿ ಇನ್ನಷ್ಟು ಜನ ಇಲ್ಲ. ಹೊಸ ರಾಗಿಯ ಹಿಟ್ಟಿನಲ್ಲಿ ರೊಟ್ಟಿ ಸುಟ್ಟು ದೇವರಿಗೆ ಇಟ್ಟು, ರಾತ್ರಿಯಿಡೀ ಕುಣಿಯುವ ರೊಟ್ಟಿ ಹಬ್ಬಕ್ಕಂತೂ ಯಾರೂ ಇಲ್ಲ. ಆ ಗೈರುಹಾಜರಿಗಳನ್ನು ಸಾಲಾಗಿ ಬರೆದಿಟ್ಟರೆ ಪೋಡಿನ ಪಂಚಾಂಗವೇ ಸಿಗುತ್ತಿತ್ತು. ಅದನ್ನು ದಿನವೂ ಬರೆಯುತ್ತಿದ್ದವರು ಮಾತ್ರ ಹಾಗೆ ಓದಲಿಲ್ಲ. ಅವರ ಕಣ್ಣಿಗೆ ಅದು ಸೋಮಾರಿತನದ ಲೆಕ್ಕ. ಆದರೆ ಬುಡಕಟ್ಟಿನ ಮೌಲ್ಯಗಳನ್ನು ಮಕ್ಕಳಿಗೆ ಪರಿಚಯಿಸಬೇಕು ಎಂಬ ಮಾತು ಈಗ ಪಠ್ಯಕ್ರಮದ ಕಡತಗಳಲ್ಲೂ ಬರತೊಡಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಸ್ಥಳೀಯ ಜ್ಞಾನ, ಬುಡಕಟ್ಟು ಜ್ಞಾನ, ತಾಯಿನುಡಿಗಳ ಪ್ರಸ್ತಾಪವಿದೆ. ನನ್ನ ವಾದ ಇಷ್ಟೇ: ಆ ಮೌಲ್ಯಗಳು ಪಾಠವಾಗಿ ಕಲಿಸಲು ಬರುವಂಥವಲ್ಲ. ಹಿರಿಯರು ಮಾಡುವ ನಿಜವಾದ ಕೆಲಸದಲ್ಲಿ ಮಗುವಿಗೂ ಒಂದು ಪಾಲು ಸಿಕ್ಕಾಗ, ಆ ಕೆಲಸ ನಡೆಯುವ ಜಾಗವೂ ಕಾಲವೂ ಅದರ ಕೈಗೆ ಸಿಕ್ಕಾಗ, ಅವು ತಾವಾಗಿ ಬರುತ್ತವೆ. ಜಾಗ ಅರಣ್ಯ ಇಲಾಖೆಯ ಕೈಯಲ್ಲಿ, ಕಾಲ ಶಿಕ್ಷಣ ಇಲಾಖೆಯ ಕೈಯಲ್ಲಿ ಇರುವತನಕ ಪಠ್ಯಪುಸ್ತಕದಲ್ಲಿ ಏನು ಅಚ್ಚು ಹಾಕಿಸಿದರೂ ಅದು ಗೋಣಿತಾಟಿನ ಲಂಗದ ಇನ್ನೊಂದು ರೂಪವೇ.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಕಾಡಿನಲ್ಲಿ ಗೆಣಸು ಅಗೆಯುವುದು ಹೆಂಗಸರು ಮಕ್ಕಳು ಸೇರಿ ಮಾಡುವ ಕೆಲಸ. ನೂರೆ ಗೆಣಸಿನ ಬಳ್ಳಿ ಮರಕ್ಕೆ ಹಬ್ಬಿರುತ್ತದೆ. ಬೇಸಿಗೆಯ ಹೊತ್ತಿಗೆ ಎಲೆ ಉದುರಿ ದಾರದಂಥ ಒಣಬಳ್ಳಿ ಮಾತ್ರ ಉಳಿಯುತ್ತದೆ. ನೆಲದ ಒಳಗೆ ಗೆಡ್ಡೆ ಎಲ್ಲಿದೆ ಎಂದು ಹೇಳಲು ಇರುವ ಗುರುತು ಅದೊಂದೇ. ಚೂಪು ಮಾಡಿದ ಕೋಲಿನಿಂದ ಅಜ್ಜಿ ಸುತ್ತ ಮಣ್ಣು ಬಿಡಿಸುತ್ತಾ ಹೋಗುವಾಗ ಮಗುವಿಗೆ ಕೊಡುವ ಕೆಲಸ ಬಳ್ಳಿ ಹಿಡಿದುಕೊಳ್ಳುವುದು. ಎಳೆಯಕೂಡದು, ಸಡಿಲವೂ ಬಿಡಕೂಡದು. ಬಳ್ಳಿ ತುಂಡಾದರೆ ಗೆಡ್ಡೆಯ ಜಾಡು ತಪ್ಪಿ, ಅಷ್ಟು ಹೊತ್ತು ತೋಡಿದ್ದು ದಂಡವಾಗುತ್ತದೆ. ಬೈಗುಳ ಬೀಳುತ್ತದೆ, ಅದಕ್ಕಿಂತ ಮುಖ್ಯವಾಗಿ ಆವತ್ತಿನ ಊಟದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಗೆಡ್ಡೆ ಕಂಡ ಮೇಲೆ ಅದನ್ನು ಪೂರ್ತಿ ಕೀಳುವುದಿಲ್ಲ. ಕೆಳಗಿನ ದಪ್ಪ ಭಾಗವನ್ನು ಮುರಿದುಕೊಂಡು, ಬಳ್ಳಿ ಸಮೇತ ತಲೆಯ ಭಾಗವನ್ನು ಅದೇ ಗುಳಿಯಲ್ಲಿ ಇಟ್ಟು ಮಣ್ಣು ಮುಚ್ಚುತ್ತಾರೆ. ಮುಚ್ಚುವ ಕೆಲಸವೂ ಮಗುವಿನದೇ, ಕಾಲಲ್ಲಿ ತುಳಿದು ಗಟ್ಟಿ ಮಾಡುವುದು ಅದಕ್ಕೆ ಆಟ. ಮುಂದಿನ ವರ್ಷ ಅಲ್ಲಿಗೇ ಮತ್ತೆ ಬಂದಾಗ ಹಿಂದೆ ಮುಚ್ಚಿದ ಕಡೆ ಬಳ್ಳಿ ಎದ್ದಿದೆಯೋ ಇಲ್ಲವೋ ಎಂದು ಮೊದಲು ನೋಡುವುದೂ ಆ ಮಗುವೇ. 'ಪ್ರಕೃತಿಯಿಂದ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು' ಎಂಬ ವಾಕ್ಯವನ್ನು ಅದಕ್ಕೆ ಯಾರೂ ಹೇಳಿರುವುದಿಲ್ಲ.

ನೆಲ್ಲಿಕಾಯಿಯ ವಿಷಯವೂ ಹೀಗೆಯೇ. ಮರದಲ್ಲಿದ್ದದ್ದನ್ನೆಲ್ಲ ಬರಿದು ಮಾಡುವುದಿಲ್ಲ; ಜಿಂಕೆ ಕಡವೆಗಳಿಗೆ ಒಂದಿಷ್ಟು, ಬೀಜಕ್ಕೆ ಒಂದಿಷ್ಟು ಬಿಡುತ್ತಾರೆ. ಹೆಜ್ಜೇನು ಕೀಳುವುದು ಕತ್ತಲೆಯಲ್ಲಿ, ಹಸಿಸೊಪ್ಪಿನ ಹೊಗೆ ಕೊಟ್ಟು, ಹಾಡು ಹೇಳುತ್ತಾ. ಆಗಲೂ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬರುವುದಿಲ್ಲ. ಸೋಲಿಗರ ಪದ್ಧತಿಗಳನ್ನು ಬರೆದಿಟ್ಟ ಹಲವರು ಈ ಪಾಲು ಬಿಡುವ ರೂಢಿಯನ್ನು ಹೇಳಿದ್ದಾರೆ, ಹಾಗಾಗಿ ಇದರಲ್ಲಿ ಹೊಸತೇನಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ರೂಢಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ಬಗೆ. ಮರ ಹತ್ತಿದವನು ಮೇಲಿನಿಂದ ಕೊಂಬೆ ಬಡಿಯುತ್ತಾನೆ, ಕೆಳಗೆ ಆಯುವ ಹುಡುಗರು 'ಸಾಕು' ಎಂಬ ಮಾತನ್ನು ಪ್ರತಿ ಮರದ ಕೆಳಗೂ ಕೇಳಿಸಿಕೊಳ್ಳುತ್ತಾರೆ. ಯಾವ ಮರದಲ್ಲಿ ಎಷ್ಟು ಕಾಯಿ ಇರುವಾಗ ಆ ಮಾತು ಬಂತು ಎಂಬುದು ನೂರಾರು ಸಲ ಕಂಡು ಕಂಡು ತಲೆಯಲ್ಲಿ ಕೂರುತ್ತದೆ. ಇದೇ ನೆಲ್ಲಿಯನ್ನು ಬುಡಕಟ್ಟಿನವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ತೂಗಿ ಹಾಕುವಾಗ ಮೋಸದ ತೂಕ ಯಾವುದು, ಸರಿಯಾದ ತೂಕ ಯಾವುದು ಎಂಬುದನ್ನೂ ಆ ಹುಡುಗರೇ ಪಕ್ಕದಲ್ಲಿ ನಿಂತು ನೋಡಿರುತ್ತಾರೆ. ಕಾಡಿನ ಮೌಲ್ಯವನ್ನು ಒಂದು ಕಡೆ, ಲೆಕ್ಕದ ಪಾಠವನ್ನು ಇನ್ನೊಂದು ಕಡೆ ಬೇರ್ಪಡಿಸಿದ್ದು ಶಾಲೆ. ಬದುಕಿನಲ್ಲಿ ಅವೆರಡೂ ಒಂದೇ ತಕ್ಕಡಿಯಲ್ಲಿದ್ದವು.

ಈಗ ಈ ಕೆಲಸ ನಿಂತುಹೋದರೆ ಮೌಲ್ಯ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ತರಗು ಬೆಂಕಿಯನ್ನು ನೋಡಬೇಕು. ಚಳಿ ಮುಗಿದು ಬಿಸಿಲು ಏರುವ ಮೊದಲು, ನೆಲದ ತರಗೆಲೆ ಒಣಗಿದ್ದರೂ ಮಣ್ಣಿನಲ್ಲಿ ತೇವ ಇನ್ನೂ ಉಳಿದಿರುವಾಗ, ಸೋಲಿಗರು ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಮೊಣಕಾಲೆತ್ತರಕ್ಕೂ ಏರದ, ಮರದ ತೊಗಟೆಯನ್ನು ಸವರಿಕೊಂಡು ಹೋಗುವ ಬೆಂಕಿ. ಯಾವ ಗುಡ್ಡಕ್ಕೆ ಯಾವ ವಾರ, ಗಾಳಿ ಯಾವ ಕಡೆಯದು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಹಿರಿಯರಿಗೆ ಗೊತ್ತಿತ್ತು. ಹುಡುಗರು ಹಸಿಸೊಪ್ಪಿನ ಕೊಂಬೆ ಹಿಡಿದು ಅಂಚಿನಲ್ಲಿ ನಿಲ್ಲುತ್ತಿದ್ದರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಗುಡ್ಡಗಳಲ್ಲಿ ಜಾಗ ಬದಲಿಸುತ್ತಾ ಬೇಸಾಯ ಮಾಡುವುದು ನಿಂತಿತು, ಚದುರಿದ ಪೋಡುಗಳನ್ನು ರಸ್ತೆ ಬದಿಗೆ ತಂದು ಸೇರಿಸಲಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಮುಂದೆ ಲಂಟಾನ ಎಂಬ ಕಳೆ ಬೆಟ್ಟವನ್ನೆಲ್ಲ ಮುಚ್ಚಿತು. 1997ರಿಂದ 2008ರ ನಡುವೆ ಅದು ಎಷ್ಟು ವೇಗವಾಗಿ ಹಬ್ಬಿತು ಎಂಬುದನ್ನು ಅಲ್ಲೇ ನಡೆದ ಅಧ್ಯಯನ ದಾಖಲಿಸಿದೆ. ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂದು ಸೋಲಿಗರು ಕರೆಯುವ ಬದನಿಕೆ ಹೆಚ್ಚಿ ಮರಗಳು ಒಣಗತೊಡಗಿದವು. ತರಗು ಬೆಂಕಿ ನಿಲ್ಲಿಸಿದ್ದೇ ಇದಕ್ಕೆಲ್ಲ ಕಾರಣ ಎಂಬುದು ಹಿರಿಯ ಸೋಲಿಗರ ವಾದ. ವಿಜ್ಞಾನಿಗಳಲ್ಲಿ ಮೊದಲು ಅದನ್ನು ಕಿವಿಗೆ ಹಾಕಿಕೊಳ್ಳದವರೇ ಹೆಚ್ಚು. ಆಮೇಲೆ ಬೆಟ್ಟದಲ್ಲೇ ವರ್ಷಗಟ್ಟಲೆ ಇದ್ದು ಅಳತೆ ಮಾಡಿದ ಕೆಲವರು ಈ ಮಾತಿನಲ್ಲಿ ಹುರುಳಿದೆ ಎಂದರು. ಚರ್ಚೆ ಇನ್ನೂ ಮುಗಿದಿಲ್ಲ. ಅದು ಹಾಗಿರಲಿ. 1974ರಲ್ಲಿ 10 ವರ್ಷದವನಾಗಿದ್ದು ಸೊಪ್ಪಿನ ಕೊಂಬೆ ಹಿಡಿದು ಅಂಚಿನಲ್ಲಿ ನಿಂತಿದ್ದ ಹುಡುಗನಿಗೆ ಈಗ 60 ದಾಟಿದೆ. ಅವನ ಮಗನಿಗೆ ತರಗು ಬೆಂಕಿ ಕೇಳಿ ಗೊತ್ತು. ಮೊಮ್ಮಗನಿಗೆ ಸಂಶೋಧಕರು ಬಂದು ಪ್ರಶ್ನೆ ಕೇಳಿದಾಗ ಗೊತ್ತು. ನಾಳೆಯೇ ಸರ್ಕಾರ ಒಪ್ಪಿಗೆ ಕೊಟ್ಟರೂ ಯಾವ ವಾರ ಯಾವ ಗುಡ್ಡಕ್ಕೆ ಎಂದು ಧೈರ್ಯವಾಗಿ ಹೇಳುವವರು ಬೆರಳೆಣಿಕೆಯಷ್ಟು. ಆ ಅರಿವಿನ ಬಗ್ಗೆ ಲೇಖನಗಳಿವೆ, ಸಾಕ್ಷ್ಯಚಿತ್ರಗಳಿವೆ. ಕಲಿತ ಕೈಗಳಿಲ್ಲ.

ಇಷ್ಟು ಹೇಳಿದರೆ ಮೊದಲ ಆಕ್ಷೇಪ ಬರುವುದು ಖಂಡಿತ, ಬರಬೇಕಾದದ್ದೂ ಹೌದು. ಶಾಲೆಯನ್ನೇ ದೂರಿದರೆ ಹೇಗೆ? ಕಾಡಿನೊಳಗೆ ಬಸುರಿಯರು ಹೆರಿಗೆಯಲ್ಲಿ ಸಾಯುತ್ತಿದ್ದ, ಹಾವು ಕಚ್ಚಿದರೆ ಹತ್ತಿರದಲ್ಲಿ ಔಷಧಿಯಿಲ್ಲದ, ಸಾಲ ಕೊಡುವವರಿಗೂ ಕಂಟ್ರಾಕ್ಟರುಗಳಿಗೂ ಹೆಬ್ಬೆಟ್ಟೊತ್ತಿ ಜೀತದ ಹಾಗೆ ದುಡಿಯುತ್ತಿದ್ದ ದಿನಗಳನ್ನು ಮರೆಯಬೇಕೇ? ಮರೆಯಕೂಡದು. ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಹೋಗಿ ಗುಡಿಸಲಿನಲ್ಲಿ ಚಿಕಿತ್ಸೆ ಶುರುಮಾಡಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗ ಸೋಲಿಗರಲ್ಲಿ ಅಕ್ಷರ ಬಲ್ಲವರೇ ಅಪರೂಪ. ಅವರಲ್ಲಿ ಕುಡಗೋಲು ಕಣ ರೋಗ ಇದೆ ಎಂದು ತಿಳಿದದ್ದೇ ಅಂಥ ವೈದ್ಯರು ಅಲ್ಲಿ ನೆಲೆಸಿದ ಮೇಲೆ. ಸೋಲಿಗರಲ್ಲಿ ಮೊದಲಿಗರಾಗಿ ಪಿಎಚ್.ಡಿ. ಪಡೆದ ಸಿ. ಮಾದೇಗೌಡರು ಅರಣ್ಯ ಹಕ್ಕಿನ ಹೋರಾಟದ ಮುಂಚೂಣಿಯಲ್ಲಿದ್ದವರು. ಅರ್ಜಿ ಬರೆಯಲು, ನಕ್ಷೆ ಓದಲು, ಕಾಯ್ದೆಯ ಕಲಂ ತೋರಿಸಿ ರೇಂಜರ್ ಎದುರು ನಿಲ್ಲಲು ಬೇಕಾದ ವಿದ್ಯೆ ಗೆಣಸು ಅಗೆದು ಬರುವುದಿಲ್ಲ. ಇದನ್ನೆಲ್ಲ ಪೂರ್ತಿ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಕ್ಷರ ಕೊಡಲು ಮಗುವನ್ನು ವರ್ಷದ ಹತ್ತು ತಿಂಗಳು ಪೋಡಿನಿಂದ ಎತ್ತಿ ಬೇರೆಡೆ ಇಡುವುದು ಅನಿವಾರ್ಯವಾಗಿತ್ತೇ? ಕೆನಡಾ ದೇಶ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ವಸತಿ ಶಾಲೆಗಳಿಗೆ ಹಾಕಿದ್ದಕ್ಕೆ 2008ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿತು. ನಮ್ಮ ಆಶ್ರಮ ಶಾಲೆಗಳನ್ನು ಅವುಗಳ ಪಕ್ಕ ನಿಲ್ಲಿಸುವುದು ಅನ್ಯಾಯ. ಅಲ್ಲಿ ಬುಡಕಟ್ಟುತನವನ್ನು ಅಳಿಸುವುದೇ ಘೋಷಿತ ಗುರಿಯಾಗಿತ್ತು, ಇಲ್ಲಿ ಹಸಿವು ಅನಕ್ಷರತೆಗಳನ್ನು ಅಳಿಸುವುದು. ಆದರೆ ಮಗುವಿನ ವರ್ಷದ ಬಹುಪಾಲನ್ನು ಸಂಸ್ಥೆಯೇ ಇಟ್ಟುಕೊಂಡದ್ದು ಎರಡೂ ಕಡೆ ಒಂದೇ. ದ್ವೇಷವಿಲ್ಲದೆ ಮಾಡಿದರೂ ಬಳ್ಳಿ ಹಿಡಿಯುವ ಕೈ ಅಜ್ಜಿಯ ಪಕ್ಕದಲ್ಲಿ ಇಲ್ಲವಾಗುವುದು ತಪ್ಪುವುದಿಲ್ಲ.

ಎರಡನೆಯ ಆಕ್ಷೇಪ ಬಾಲಕಾರ್ಮಿಕ ಪದ್ಧತಿಯದು. ಮಕ್ಕಳನ್ನು ಕೆಲಸಕ್ಕೆ ಹಚ್ಚಿ ಅದಕ್ಕೆ ಮೌಲ್ಯ ಎಂದು ಹೆಸರಿಡುವುದು ಬಡವರಿಗೆ ಮಾಡುವ ಹಳೆಯ ಮೋಸ ಎಂದು ಹೇಳುವವರಿದ್ದಾರೆ. ಅವರ ಸಂಶಯಕ್ಕೆ ಆಧಾರವಿದೆ. ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ ಕಾಲಕ್ಕೆ ಇಡೀ ಕುಟುಂಬ ಲೈನ್‌ಮನೆಗೆ ಹೋಗಿ ಸೇರುತ್ತದೆ, ಜೊತೆಗೆ ಹೋದ ಮಗು ಶಾಲೆಯನ್ನೂ ಕಳೆದುಕೊಳ್ಳುತ್ತದೆ, ಕಾಡನ್ನೂ ಕಳೆದುಕೊಳ್ಳುತ್ತದೆ. ಅದನ್ನು ನಾನು ಸಮರ್ಥಿಸುತ್ತಿಲ್ಲ. ವ್ಯತ್ಯಾಸ ತಿಳಿಯಲು ಯಾರಿಗೂ ಕಷ್ಟವಿಲ್ಲ. ತೋಟದ ಮೇಸ್ತ್ರಿ ಮಗುವಿನ ಕೈಯನ್ನು ಕೂಲಿಯ ಲೆಕ್ಕದಲ್ಲಿ ಎಣಿಸುತ್ತಾನೆ, ನಾಳೆ ಆ ತೋಟದ ಬಗ್ಗೆ ಮಗುವಿಗೆ ಯಾವ ಮಾತೂ ಇರುವುದಿಲ್ಲ. ಅಜ್ಜಿಯ ಜೊತೆ ಗೆಣಸು ಅಗೆಯುವ ಮಗುವಿಗೆ ಆ ಗುಳಿ, ಆ ಬಳ್ಳಿ, ಮುಂದಿನ ವರ್ಷದ ಗೆಡ್ಡೆ ಎಲ್ಲವೂ ಸ್ವಂತದ್ದು. ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ಮನೆಯವರಿಗೆ ನೆರವಾಗುವುದನ್ನು 2016ರ ತಿದ್ದುಪಡಿಯ ನಂತರ ಕಾನೂನೂ ತಪ್ಪೆನ್ನುವುದಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಮಂಡಿಸಿದಾಗ ಕೈಕೆಲಸದ ಮೂಲಕವೇ ಎಲ್ಲ ಪಾಠವೂ ಬರಬೇಕು ಎಂದದ್ದು ನೆನಪಿರಬಹುದು. ಮುಂದೆ ಅದು ಬಹಳಷ್ಟು ಶಾಲೆಗಳಲ್ಲಿ ತಕಲಿ ತಿರುಗಿಸುವ ಒಂದು ಪೀರಿಯಡ್ಡಾಗಿ ಕುಗ್ಗಿತು, ಏಕೆಂದರೆ ಆ ನೂಲು ಯಾರ ಮನೆಗೂ ಬೇಕಾಗಿರಲಿಲ್ಲ. ಪೋಡಿನಲ್ಲಿ ಮನೆಗೆ ಬೇಕಾದ ಕೆಲಸವನ್ನು ಹುಡುಕಿ ಹೊಸದಾಗಿ ತರಬೇಕಾದ್ದಿಲ್ಲ.

ಮೂರನೆಯದು ಹೆಚ್ಚು ಕಷ್ಟದ ಮಾತು. ನೀವು ಹೇಳುವ ಸಮುದಾಯ ಈಗ ಎಲ್ಲಿದೆ? ಹುಡುಗರ ಕೈಯಲ್ಲಿ ಮೊಬೈಲ್ ಇದೆ, ಬೈಕಿನ ಸಾಲದ ಕಂತಿದೆ, ಸಂಜೆಯಾದರೆ ಹೆಂಡದಂಗಡಿಯ ದಾರಿಯಿದೆ. ಹಿಂದಿನದನ್ನು ಚಂದ ಮಾಡಿ ತೋರಿಸುವ ಚಾಳಿ ನಮ್ಮಂಥ ಹೊರಗಿನವರಿಗೆ ಇರುವುದು ನಿಜ. ಸೋಲಿಗರ ಬಾಳಿನಲ್ಲಿ ನಾವು ಮೆಚ್ಚಿ ಬರೆಯುವುದು ಯಾವುದನ್ನು? ಬಿಳಿಗಿರಿರಂಗ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದ ಭಾವ ಎಂದು ದೇವರೊಂದಿಗೇ ನೆಂಟಸ್ತಿಕೆ ಇಟ್ಟುಕೊಂಡಿರುವುದನ್ನು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವನ್ನು ಗುಡಿಯೆಂದು ಕಾಣುವುದನ್ನು. ಪ್ರೀತಿಸಿ ಕಾಡಿಗೆ ಓಡಿಹೋದ ಹುಡುಗ ಹುಡುಗಿಯನ್ನು ಕುಲದವರು ಸಣ್ಣ ತಪ್ಪುಕಾಣಿಕೆ ಹಾಕಿಸಿ ಮರಳಿ ಸೇರಿಸಿಕೊಳ್ಳುವುದನ್ನು. ಈ ಕೊನೆಯದನ್ನು ಬಯಲುನಾಡಿನ ನಮ್ಮ ಜಾತಿಗಳು ಇವತ್ತಿಗೂ ಕಲಿತಿಲ್ಲ ಎಂಬುದನ್ನು ಇಲ್ಲಿ ಹೇಳದೆ ಹೋಗಲಾರೆ. ಆದರೆ ಅದೇ ಬೆಟ್ಟಗಳಲ್ಲಿ ಕುಡಿತದಿಂದ ಹಾಳಾದ ಸಂಸಾರಗಳಿವೆ, ಬೇಗನೆ ಮದುವೆಯಾಗಿ ಸೊರಗಿದ ಹುಡುಗಿಯರಿದ್ದಾರೆ, ಆಸ್ಪತ್ರೆಗೆ ಹೋಗಲು ತಡಮಾಡಿ ಆದ ಸಾವುಗಳಿವೆ. ಸಮುದಾಯ ಎಂದಾಕ್ಷಣ ಒಳ್ಳೆಯದು ಎಂದು ಬಗೆಯಬೇಕಾಗಿಲ್ಲ. ನನಗನಿಸುವುದು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೂಗಿ ನೋಡುವುದಕ್ಕೂ ಮಗುವಿಗೆ ಮೊದಲು ಅದು ಕೈಗೆ ಸಿಕ್ಕಿರಬೇಕು. ಪೋಡಿನ ಯಜಮಾನರ ಮುಂದೆ ನ್ಯಾಯ ನಡೆಯುವುದನ್ನು ಕೂತು ಕೇಳಿದ ಹುಡುಗಿ ನಾಳೆ ಅಲ್ಲಿ ಹೆಂಗಸರಿಗೇಕೆ ಮಾತಿಲ್ಲ ಎಂದು ಕೇಳಬಲ್ಲಳು. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಆ ಜಗಲಿಯ ಮೇಲೆ ಜಾಗವೇ ಇರುವುದಿಲ್ಲ. ಬೇಕೆಂದರೆ ಅದನ್ನು ದೂರದಿಂದ ಬಯ್ಯಬಹುದು, ಇಲ್ಲವೇ ದೂರದಿಂದ ಹೊಗಳಬಹುದು. ಬದಲಾವಣೆಯ ಮಾತೂ ಹೀಗೆಯೇ. ಬೆಟ್ಟವನ್ನು ಹಾಳುಮಾಡಿದ ಲಂಟಾನದ ಕಡ್ಡಿಯಿಂದಲೇ ಸೋಲಿಗರು ಕುರ್ಚಿ ಹೆಣೆಯುವುದನ್ನು ಕಲಿತರು. ಅದೇ ಕಡ್ಡಿಯಲ್ಲಿ ಬುಡಕಟ್ಟಿನ ಕುಶಲಕರ್ಮಿಗಳು ಕಟ್ಟಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. ಹಳೆಯ ಕಾಲಕ್ಕೇ ಅಂಟಿಕೊಂಡ ಜನ ಇದನ್ನು ಮಾಡುವುದಿಲ್ಲ.

ಪೇಟೆಯ ಮಕ್ಕಳ ಮಾತೇನು? ಅವರಿಗೂ ಈ ಬದುಕು ಗೊತ್ತಾಗಬೇಡವೇ ಎಂದು ವಾರ್ಷಿಕೋತ್ಸವ ಮಾಡಿಸುವವರು ಕೇಳಬಹುದು. ಗೊತ್ತಾಗಬೇಕು. ಅದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ದಾರಿ ಇದೆ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' 1980ರಲ್ಲಿ ಬಂತು. ಅಲ್ಲಿ ಹಾರುವ ಓತಿಯ ಗುರುತು ಸಿಗುವುದು ಜೇನು ಹುಡುಕಿಕೊಂಡು ಅಲೆಯುವ ಮಂದಣ್ಣನಿಂದ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಅವನನ್ನು ವಿಜ್ಞಾನಿ ಕರ್ವಾಲೊ ಹುಟ್ಟಾ ಪ್ರಕೃತಿಶಾಸ್ತ್ರಜ್ಞ ಎಂದು ಕಾಣುತ್ತಾನೆ, ಅವನ ಹಿಂದೆ ಕಾಡಿಗೆ ನಡೆಯುತ್ತಾನೆ. ಮಂದಣ್ಣ ಬುಡಕಟ್ಟಿನವನಲ್ಲ, ಆದರೆ ಅರಿವುಳ್ಳವನ ಹಿಂದೆ ನಡೆಯುವ ಸಂಬಂಧ ಹೇಗಿರಬೇಕು ಎಂಬುದಕ್ಕೆ ಅಲ್ಲಿ ಮಾದರಿಯಿದೆ. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ದುಡಿಯುತ್ತಲೇ ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂದು ಅಧಿಕಾರಿಗಳಿಗೆ ಹೇಳಿಕೊಡುವಷ್ಟು ಬಲ್ಲವರಾದರು. ಪದ್ಮಶ್ರೀ ಪಡೆಯಲು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಅವರು ಬರಿಗಾಲಲ್ಲಿ ನಡೆದು ಹೋದ ಚಿತ್ರ ನಾಡಿನ ತುಂಬ ಹರಿದಾಡಿತು. ಅವರ ಪಾದದ ಬಗ್ಗೆ ಬಂದಷ್ಟು ಬರಹ ಅವರಿಗೆ ಗೊತ್ತಿದ್ದ ಬೀಜಗಳ ಬಗ್ಗೆ ಬರಲಿಲ್ಲ. ಪೇಟೆಯ ಶಾಲೆಯವರು ಅಂಥವರನ್ನು ಕರೆಸಿ ಶಾಲು ಹೊದಿಸಿ, ಹಾಡು ಹೇಳಿಸಿ, ಫೋಟೊ ಹಿಡಿದು ಕಳಿಸುವ ಬದಲು ತಮ್ಮ ಆವರಣದ ಒಂದು ಮೂಲೆಯನ್ನು ಒಂದು ಮಳೆಗಾಲವಾದರೂ ಅವರು ಹೇಳಿದಂತೆ ನೆಡಲು ಬಿಡಲಿ. ತಪ್ಪು ಮಾಡಿದ ಮಕ್ಕಳನ್ನು ಅವರು ಬೈಯಲಿ. ಪಾಠ ಮಾಡುವ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆಯನ್ನು ಹಾಗೆ ಕರೆಸಿದವರಿಗೂ ಕೊಡಲಿ. ಇನ್ನೊಂದು ಎಚ್ಚರವೂ ಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಕೂತು ತಮ್ಮ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿಗಳ ನೂರಾರು ಜಾಗಗಳನ್ನು ನಕ್ಷೆಗೆ ಏರಿಸಿದ್ದಾರೆ. ಅವೆಲ್ಲ ಪ್ರವಾಸದ ಬಸ್ಸು ನಿಲ್ಲಿಸುವ ಜಾಗಗಳಲ್ಲ. ಯಾವುದನ್ನು ಹೊರಗಿನ ಮಕ್ಕಳಿಗೆ ತೋರಿಸಬೇಕು, ಯಾವುದನ್ನು ಕೂಡದು ಎಂದು ಹೇಳುವವರು ಆಯಾ ಕುಲದವರೇ ಆಗಬೇಕು. 'ಇಲ್ಲ' ಎಂಬ ಮಾತನ್ನು ಗೌರವದಿಂದ ಕೇಳಿಸಿಕೊಂಡು ವಾಪಸ್ಸು ಬಂದ ಮಗು ಬರಿಗೈಯಲ್ಲಿ ಬಂದಂತಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ಹೊಸ ಯೋಜನೆ ಬೇಕಿಲ್ಲ ಎಂಬುದೇ ಈ ವಿಷಯದಲ್ಲಿ ನನಗೆ ಅತಿ ವಿಚಿತ್ರವಾಗಿ ಕಾಣುವ ಸಂಗತಿ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಸಮುದಾಯಕ್ಕೆ ಹಕ್ಕು ಕೊಟ್ಟಿದೆ, ಕಾಡಿನ ಸಾಂಪ್ರದಾಯಿಕ ಅರಿವಿನ ಮೇಲೂ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು; ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಕಾಗದದ ಮೇಲೆ ಜಾಗದ ಪ್ರಶ್ನೆ ಅಲ್ಲಿಗೆ ಬಗೆಹರಿದಿದೆ. ಕಾಲದ ಪ್ರಶ್ನೆಗೂ ಕಾಗದದ ಮೇಲೆ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮಿನಲ್ಲಿ ಸ್ಥಳೀಯ ಪ್ರಾಧಿಕಾರದ ಹೊಣೆಗಳ ಪಟ್ಟಿಯಿದೆ, ಶಾಲೆಯ ವಾರ್ಷಿಕ ವೇಳಾಪಟ್ಟಿ ತೀರ್ಮಾನಿಸುವುದು ಅದರಲ್ಲೊಂದು. ನೆಲ್ಲಿಯ ಕಾಲಕ್ಕೆ ಹತ್ತು ದಿನ, ರೊಟ್ಟಿ ಹಬ್ಬಕ್ಕೆ ಒಂದು ವಾರ ಬಿಡುವು ಕೊಟ್ಟು, ಆ ದಿನಗಳನ್ನು ಜೋರು ಮಳೆಯ ತಿಂಗಳುಗಳಲ್ಲಿ ಸರಿದೂಗಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಬೇರೆ ಕಡೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. ಪೋಡಿನ ಜನ ದೊಡ್ಡ ಪಂಚಾಯಿತಿಯೊಂದರ ಅಲ್ಪಸಂಖ್ಯಾತ ಸದಸ್ಯರು, ಅವರ ವೇಳಾಪಟ್ಟಿ ಅಲ್ಲಿ ಚರ್ಚೆಗೇ ಬರುವುದಿಲ್ಲ. ಬಂದರೂ ಪರೀಕ್ಷೆಯ ದಿನಾಂಕ ಮೇಲಿನಿಂದ ಬರುತ್ತದೆ, ಅದು ಇಡೀ ರಾಜ್ಯಕ್ಕೆ ಒಂದೇ. ಮೇಷ್ಟ್ರ ಸಂಬಳದ ರಜೆ, ಬಿಸಿಯೂಟದ ಅಕ್ಕಿಯ ಲೆಕ್ಕ, ಆನ್‌ಲೈನ್ ಹಾಜರಿ ಎಲ್ಲವೂ ಅದೇ ದಿನಾಂಕಗಳಿಗೆ ಕಟ್ಟಿಕೊಂಡಿವೆ. ಅರಣ್ಯ ಇಲಾಖೆಯ ಕಡೆಯಿಂದ ನೋಡಿದರೆ ಜನವರಿಯಿಂದ ಮೇ ತನಕ ಬೆಂಕಿಯ ಕಾಲ. ಆಗ ಕಾಡಿಗೆ ಕಾಲಿಟ್ಟ ಸೋಲಿಗ ಹುಡುಗ ಮೊದಲು ಶಂಕಿತ, ಆಮೇಲೆ ಹಕ್ಕುದಾರ. ಎರಡು ಇಲಾಖೆಗಳ ಎರಡು ಸುತ್ತೋಲೆಗಳು ಸಾಕು, ಇದನ್ನು ಸಡಿಲಿಸಲು. ವಾರ್ಷಿಕ ಪರೀಕ್ಷೆಯ ತಯಾರಿಯೂ ತರಗು ಬೆಂಕಿಯ ಕಾಲವೂ ಒಟ್ಟಿಗೇ ಬರುತ್ತವೆ. ಅಂಚಿನಲ್ಲಿ ನಿಂತಿದ್ದ ಆ ಹುಡುಗರಿಗೆ ಈಗ 60 ದಾಟಿರುವುದರಿಂದ, ಮೊದಲ ಸುತ್ತೋಲೆ ಅರಣ್ಯ ಇಲಾಖೆಯಿಂದಲೇ ಹೊರಡಲಿ.